ಗೋವಾಕ್ಕೆ ಹೊರಟಾಗ ವಾಕಿಂಗ್ ಏನಾಗಬೇಕು?

ಪ್ರಶ್ನೆ: ನನಗೆ 54 ವರ್ಷ, ಡೊಂಬಿವಲಿಯಲ್ಲಿದ್ದೇನೆ. ಬೆಳಿಗ್ಗೆ 45 ನಿಮಿಷ ವಾಕಿಂಗ್, ವಾರಕ್ಕೆರಡು ದಿನ ಜಿಮ್ ತಪ್ಪಿಸುವುದಿಲ್ಲ. ಆರು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತಗೊಳ್ಳುತ್ತೇನೆ. ಡಿಸೆಂಬರ್ ಕೊನೆಗೆ ಮನೆಮಂದಿಯೆಲ್ಲ ಒಂಬತ್ತು ದಿನ ಗೋವಾದ ಕೊಲ್ವಾಕ್ಕೆ ಹೊರಟಿದ್ದೇವೆ. ಹೋದ ವರ್ಷ ಹೀಗೇ ಹೋದಾಗ ಮೊದಲ ದಿನವೇ ಬರಿಗಾಲಲ್ಲಿ ಬೀಚಿನ ಮೇಲೆ ಒಂದು ಗಂಟೆ ನಡೆದೆ. ಮರುದಿನ ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗಲಿಲ್ಲ. ಉಳಿದ ದಿನವೆಲ್ಲ ಕೂತು ತಿಂದದ್ದೇ ಬಂತು. ಮನೆಗೆ ಬಂದಾಗ ತೂಕ ಎರಡು ಕೆ.ಜಿ. ಏರಿತ್ತು, ಶುಗರೂ ಏರಿತ್ತು. ಈ ಸಲ ಏನು ಮಾಡಲಿ? 76ರ ಅತ್ತೆಯವರೂ ಜೊತೆಗಿರುತ್ತಾರೆ, ಅವರಿಗೂ ಏನಾದರೂ ತಿಳಿಸಿ.

ಉತ್ತರ: ಡೊಂಬಿವಲಿಯ ವೇಳಾಪಟ್ಟಿಯನ್ನು ಕೊಲ್ವಾದವರೆಗೆ ಹೊತ್ತೊಯ್ಯುವ ಅಗತ್ಯ ನಿಮಗಿಲ್ಲ. ಗಳಿಸಿಕೊಂಡ ಕಸುವನ್ನು ಉಳಿಸಿಕೊಳ್ಳುವುದಕ್ಕೆ, ಅದನ್ನು ಗಳಿಸಲು ಪಟ್ಟಷ್ಟು ಶ್ರಮ ಬೇಡ. ವ್ಯಾಯಾಮದ ಒಟ್ಟು ಹೊತ್ತನ್ನು ಅರ್ಧಕ್ಕೆ ಇಳಿಸಿದರೂ ಕೆಲವು ವಾರ ದಮ್ಮು ಕುಗ್ಗುವುದಿಲ್ಲ. ಷರತ್ತು ಒಂದೇ: ಮಾಡುವಷ್ಟು ಹೊತ್ತು ಬಿರುಸಾಗಿ ಮಾಡಬೇಕು. ಸ್ನಾಯುಗಳ ಬಲವಂತೂ ಇನ್ನೂ ನಿಧಾನವಾಗಿ ಇಳಿಯುವಂಥದ್ದು, ಒಂಬತ್ತು ದಿನ ಜಿಮ್ ತಪ್ಪಿತೆಂದು ಏನೂ ಕಳೆದುಹೋಗುವುದಿಲ್ಲ.

ಶುಗರ್ ವಿಷಯ ಮಾತ್ರ ಬೇರೆ. ಒಂದು ಸಲ ಚೆನ್ನಾಗಿ ನಡೆದರೆ ಸ್ನಾಯುಗಳು ಇನ್ಸುಲಿನ್ನಿಗೆ ಹೆಚ್ಚು ಓಗೊಡುವುದು ಒಂದೆರಡು ದಿನ, ಹೆಚ್ಚೆಂದರೆ ಮೂರು ದಿನ. ಆಮೇಲೆ ಆ ಲಾಭ ಇರುವುದಿಲ್ಲ. ಶುಗರ್ ಇರುವವರು ಸತತ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ಬಿಡಬಾರದು ಎನ್ನುವುದು ಅದಕ್ಕೇ. ನಿಮ್ಮ ಈ ರಜೆಗೆ ಕಟ್ಟುನಿಟ್ಟಾಗಿ ಪಾಲಿಸಬೇಕಾದ ನಿಯಮ ಇದೊಂದೇ. ಹೋದ ವರ್ಷ ಮುರಿದದ್ದೂ ಇದೇ. ಮೊದಲ ದಿನ ಮಾಡಿದ್ದು ವಿಪರೀತವಾಯಿತು, ಅದರಿಂದಾಗಿ ಉಳಿದ ಎಂಟು ದಿನ ಏನೂ ಮಾಡಲಾಗಲಿಲ್ಲ. ಆದ್ದರಿಂದ ಈ ಸಲದ ಯೋಜನೆಯನ್ನು ಮೊದಲ ಮೂರು ದಿನ ಕಾಲನ್ನು ಕಾಪಾಡಿಕೊಳ್ಳುವುದರಿಂದ ಶುರು ಮಾಡಿ.

ಮರಳು ಯಾಕೆ ಹಾಗೆ ಮಾಡುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿ ನೋಡೋಣ. ಡಾಂಬರು ರಸ್ತೆಯ ಮೇಲೆ, ಶೂ ಹಾಕಿಕೊಂಡು ನಡೆಯುವಾಗ ನಿಮ್ಮ ಹಿಮ್ಮಡಿ ಶೂವಿನೊಳಗೆ ಬೆರಳುಗಳಿಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರದಲ್ಲಿರುತ್ತದೆ. ಒಣ ಮರಳಿನಲ್ಲಿ ಬರಿಗಾಲಿಟ್ಟರೆ ಹಿಮ್ಮಡಿ ಹೂತು ಕೆಳಗಿಳಿಯುತ್ತದೆ, ಮೀನಖಂಡವೂ ಅದರ ಕೆಳಗಿನ ಹಗ್ಗದಂಥ ಸ್ನಾಯುರಜ್ಜುವೂ ಪ್ರತಿ ಹೆಜ್ಜೆಗೂ ದಿನನಿತ್ಯಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತವೆ. ಮುಂದಕ್ಕೆ ಒತ್ತುವಾಗ ಮರಳು ಹಿಂದಕ್ಕೆ ಜಾರುವುದರಿಂದ ಒತ್ತಿದ ಬಲದಲ್ಲಿ ಒಂದು ಪಾಲು ವ್ಯರ್ಥ. ಅದೇ ವೇಗದಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಶಕ್ತಿ ಖರ್ಚಾಗುತ್ತದೆ. ಎಂದರೆ ನೀವು ಅಂದು ನಡೆದ ಒಂದು ಗಂಟೆ ನಿಮ್ಮ ಕಾಲಿಗೆ ಎರಡು ಗಂಟೆಯಷ್ಟಾಯಿತು, ಅದೂ ಅಭ್ಯಾಸವಿಲ್ಲದ ಎಳೆತದಲ್ಲಿ. ಇಂಥ ನೋವು ಅದೇ ದಿನ ಗೊತ್ತಾಗುವುದಿಲ್ಲ, 24ರಿಂದ 72 ಗಂಟೆಯೊಳಗೆ ಏರುತ್ತದೆ. ನಡೆಯುವಾಗ ಹಿತವಾಗಿಯೇ ಇತ್ತಲ್ಲ ಎಂದು ಅನಿಸುವುದೂ ಅದರಿಂದಲೇ.

ಹಾಗೆಂದು ಬೀಚಿನ ನಡಿಗೆ ಬಿಡಬೇಡಿ, ಅಳತೆ ಇಟ್ಟುಕೊಳ್ಳಿ. ಮರಳಿಗಿಳಿದ ಮೊದಲ ದಿನ 10 ನಿಮಿಷ, ಆಮೇಲೆ ದಿನಕ್ಕೆ 5 ನಿಮಿಷ ಹೆಚ್ಚಿಸುತ್ತ ಹೋಗಿ. ಉಳಿದ ಹೊತ್ತನ್ನು ಒಳಗಿನ ಊರ ರಸ್ತೆಯಲ್ಲಿ ಶೂ ಹಾಕಿಕೊಂಡು ನಡೆಯಿರಿ. ಕೊಲ್ವಾದಿಂದ ಬೆನಾವ್ಲಿ ಕಡೆಗೆ ತೆಂಗಿನ ತೋಟದ ನಡುವಿನ ರಸ್ತೆಗಳು ಬೆಳಗಿನ ಹೊತ್ತು ನಡೆಯುವುದಕ್ಕೆ ಚೆನ್ನ. ಬೀಚಿನ ಮೇಲಾದರೆ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸೋಮವಾರ ಬೆಳಿಗ್ಗೆ 7ಕ್ಕೆ ಪೂರ್ತಿ ಇಳಿತವಿದ್ದರೆ ಗುರುವಾರ ಅದು 9:30ರ ಆಸುಪಾಸು. ಮೊಬೈಲಿನಲ್ಲಿ ಆ ಊರಿನ ಉಬ್ಬರ ಇಳಿತದ ಪಟ್ಟಿ ಸಿಗುತ್ತದೆ. ಇಳಿತಕ್ಕೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ ಅಗಲವಾದ ಗಟ್ಟಿ ಮರಳು ಸಿಗುತ್ತದೆ. ಉಬ್ಬರದ ಹೊತ್ತು ಹೋದರೆ ಮೇಲಿನ ಮೆತ್ತನೆ ಇಳಿಜಾರಿನಲ್ಲೇ ನಡೆಯಬೇಕಾಗುತ್ತದೆ, ಕಾಲು ನೋಯುವುದು ಅಲ್ಲೇ.

ಗಟ್ಟಿ ಮರಳನ್ನು ಗುರುತಿಸುವುದು ಸುಲಭ. ಹಸಿ ಮರಳಿನ ಮೇಲೆ ಪಾದ ಊರಿ ನೋಡಿ. ಪಾದದ ಸುತ್ತ ಮರಳು ಕ್ಷಣಹೊತ್ತು ಒಣಗಿದಂತೆ ಬಿಳಿಚಿಕೊಂಡು, ಕಾಲೆತ್ತಿದ ಮೇಲೆ ಮತ್ತೆ ನೀರು ಕೂಡಿಕೊಂಡರೆ ಅದು ನಡೆಯಲು ತಕ್ಕ ಜಾಗ. ಕಣಗಳು ಒತ್ತೊತ್ತಾಗಿ ಕೂತಿರುವಲ್ಲಿ ಮಾತ್ರ ಹೀಗಾಗುತ್ತದೆ. ಹೆಜ್ಜೆಯ ಅಂಚು ಕುಸಿದು ಒಳಗೆ ಬಿದ್ದರೆ ಮೆತ್ತಗಿದೆ ಎಂದು ತಿಳಿದು ನೀರಿನ ಕಡೆಗೆ ನಾಲ್ಕು ಹೆಜ್ಜೆ ಸರಿಯಿರಿ. ದಂಡೆ ಸಮುದ್ರದ ಕಡೆಗೆ ಓರೆಯಾಗಿರುವುದರಿಂದ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ, ಸೊಂಟ ಒಂದು ಕಡೆ ವಾಲುತ್ತದೆ. ಹೋದ ದಾರಿಯಲ್ಲೇ ಮರಳಿ ಬಂದರೆ ಎರಡೂ ಕಾಲಿಗೆ ಸರಿಸಮವಾಗುತ್ತದೆ. ಒಂದೇ ದಿಕ್ಕಿಗೆ ದೂರ ನಡೆದು ರಿಕ್ಷಾದಲ್ಲಿ ವಾಪಸ್ ಬರುವವರಿಗೆ ಸೊಂಟದ ಪಕ್ಕ ನೋಯುವುದುಂಟು.

ಇನ್ನು ಬರಿಗಾಲು. ಆರು ವರ್ಷದಿಂದ ಶುಗರ್ ಇರುವವರು ಬೀಚಿನಲ್ಲೂ ಬರಿಗಾಲು ಬಿಡಬೇಡಿ ಎಂದೇ ನನ್ನ ಒತ್ತಾಯದ ಸಲಹೆ. ಪಾದದ ಸ್ಪರ್ಶ ಸ್ವಲ್ಪ ಮಂದವಾಗಿದ್ದರೂ ಒಡೆದ ಗಾಜು, ಕಪ್ಪೆಚಿಪ್ಪಿನ ಅಂಚು, ಮೀನುಗಾರರ ಗಾಳ ತಾಗಿದ್ದು ತಿಳಿಯುವುದಿಲ್ಲ. ಮಧ್ಯಾಹ್ನದ ಮರಳು ಅಂಗಾಲನ್ನು ಬೊಬ್ಬೆ ಏಳುವಷ್ಟು ಸುಡುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ, ಮುಂದುಗಡೆ ಮುಚ್ಚಿದ ಫ್ಲೋಟರ್ ಸಾಕು. ಆದರೆ ಹೊರಡುವ ಹಿಂದಿನ ದಿನ ಕೊಂಡು ತರಬೇಡಿ. ಎರಡು ವಾರ ಮೊದಲೇ ಕೊಂಡು ಮನೆಯ ಹತ್ತಿರ ಹಾಕಿ ಪಳಗಿಸಿಕೊಳ್ಳಿ. ಎಲ್ಲಾದರೂ ಉರಿಯುವ ಕೆಂಪು ಗುರುತು ಕಂಡರೆ ಬೊಬ್ಬೆಯಾಗುವ ಮುಂಚೆಯೇ ಮೈಕ್ರೋಪೋರ್ ಟೇಪ್ ಸುಕ್ಕಿಲ್ಲದಂತೆ ಅಂಟಿಸಿ. ಬೊಬ್ಬೆ ಎದ್ದುಬಿಟ್ಟರೆ ಮೇಲಿನ ಚರ್ಮ ಕೀಳಬೇಡಿ. ರಾತ್ರಿ ಮಲಗುವ ಮುನ್ನ ಮೊಬೈಲ್ ಟಾರ್ಚ್ ಹಿಡಿದು ಅಂಗಾಲು, ಬೆರಳುಗಳ ಸಂದು ನೋಡಿಕೊಳ್ಳಿ. ಸಂದಿನಲ್ಲಿ ಹಸಿ ಮರಳು ಉಳಿದರೆ ಚರ್ಮ ಬಿರಿಯುತ್ತದೆ, ತೊಳೆದು ಒಣಗಿಸಿ ಮಲಗಿ.

ಪ್ರಯಾಣದ ದಿನವನ್ನು ವ್ಯಾಯಾಮದ ಲೆಕ್ಕಕ್ಕೆ ಹಿಡಿಯಬೇಡಿ, ಆದರೆ ಕಾಲು ಮರಗಟ್ಟದಂತೆ ನೋಡಿಕೊಳ್ಳಿ. ಠಾಣೆಯಲ್ಲಿ ರಾತ್ರಿ ಕೊಂಕಣಕನ್ಯಾ ರೈಲು ಹತ್ತಿದರೆ ಮಡಗಾಂವ್ ಸೇರುವಷ್ಟರಲ್ಲಿ ಮರುದಿನ ಬೆಳಿಗ್ಗೆ. ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂತ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಮೂಲ ಸಂಭವವೇ ಕಡಿಮೆ ಇರುವುದರಿಂದ ಗಾಬರಿ ಬೇಡ, ಉಪಾಯ ಸುಲಭ. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಪಾದವನ್ನು ಮೇಲಕ್ಕೆ ಕೆಳಕ್ಕೆ 20 ಸಲ ಆಡಿಸಿ, ಶೌಚಕ್ಕೆ ಹೋಗಿ ಬರುವ ನೆಪದಲ್ಲಿ ಬೋಗಿಯುದ್ದ ನಡೆಯಿರಿ. ರಾತ್ರಿ ಎದ್ದು ಹೋಗಬೇಕಾದೀತೆಂದು ನೀರು ಕುಡಿಯದೆ ಇರುವುದು ಹೆಂಗಸರಲ್ಲಿ ಬಹಳ ಕಾಣುವ ಅಭ್ಯಾಸ. ದಯವಿಟ್ಟು ಹಾಗೆ ಮಾಡಬೇಡಿ. ಬಾಗಿಲ ಬಳಿ ನಿಂತು ಸ್ಟ್ರೆಚಿಂಗ್ ಮಾಡುವುದೂ ಬೇಡ. ತಲುಪಿದ ದಿನ ಸ್ನಾನ, ಊಟ ಮುಗಿಸಿ ಸಂಜೆ 20 ನಿಮಿಷ ಸುಮ್ಮನೆ ರಸ್ತೆಯ ಮೇಲೆ ಅಡ್ಡಾಡಿದರೆ ಸಾಕು. ಮರಳು ಮರುದಿನಕ್ಕಿರಲಿ.

ಎರಡನೆಯ ದಿನದಿಂದ ಲೆಕ್ಕ ಹೀಗೆ. ಬೆಳಿಗ್ಗೆ 25-30 ನಿಮಿಷ ಬಿರುಸು ನಡಿಗೆ. ಬಿರುಸು ಎಂದರೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. 15 ಸೆಕೆಂಡಿನಲ್ಲಿ ಹೆಜ್ಜೆ ಎಣಿಸಿ, 25 ಬಂದರೆ ನಿಮಿಷಕ್ಕೆ 100 ಆಯಿತು, ಅಷ್ಟು ಬೇಕು. ಡಿಸೆಂಬರ್ ಕೊನೆಗೆ ಗೋವಾದಲ್ಲಿ ಸೂರ್ಯ ಹುಟ್ಟುವುದು ಏಳರ ಆಸುಪಾಸು, ಆಗ 20-21 ಡಿಗ್ರಿ ಇರುತ್ತದೆ. ಮಧ್ಯಾಹ್ನ 32ರ ಆಸುಪಾಸು ಹೋಗುತ್ತದೆ, ಜೊತೆಗೆ ಗಾಳಿಯ ತೇವ. ಏಳಕ್ಕೆ ಹೊರಟರೆ ಮನೆಮಂದಿ ಎದ್ದು ತಿಂಡಿಗೆ ಕೂರುವ ಮೊದಲು ವಾಪಸ್ ಬಂದಿರುತ್ತೀರಿ. ಎಲ್ಲರೂ ತಯಾರಾದ ಮೇಲೆ ಒಟ್ಟಿಗೆ ಹೋಗೋಣ ಎಂದು ಕಾದರೆ ಹತ್ತಾಗುತ್ತದೆ, ಬಿಸಿಲೇರುತ್ತದೆ, ಅಂದಿನ ನಡಿಗೆ ಹೋದಂತೆಯೇ.

ಇದಕ್ಕೆ ಜೊತೆಯಾಗಿ ಮಧ್ಯಾಹ್ನ, ರಾತ್ರಿ ಊಟವಾದ ಅರ್ಧ ಗಂಟೆಯೊಳಗೆ 10ರಿಂದ 15 ನಿಮಿಷ ನಡೆಯಿರಿ. ಇದಕ್ಕೆ ಬಿರುಸು ಬೇಡ. ಊಟದ ನಂತರ ರಕ್ತಕ್ಕೆ ಸಕ್ಕರೆ ಸೇರುವ ಹೊತ್ತಿಗೆ ತೊಡೆಯ ಸ್ನಾಯುಗಳು ಕೆಲಸದಲ್ಲಿದ್ದರೆ ಅವು ಆ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಅನ್ನ, ಪೊಯಿ ಎನ್ನುವ ಅಲ್ಲಿಯ ಬ್ರೆಡ್ಡು, ಬಟಾಟೆ ಎಲ್ಲ ಸೇರಿದ ಗೋವಾ ಊಟದ ಮೇಲೆ ಬೆಳಗಿನ ನಡಿಗೆಯಷ್ಟೇ ಈ ಸಣ್ಣ ನಡಿಗೆಯೂ ಮುಖ್ಯ. ರಜೆಯಲ್ಲಿ ಶುಗರ್ ಏರುವುದಕ್ಕೆ ಊಟದ ಜೊತೆ ಊಟವಾದ ಮೇಲಿನ ಎರಡು ಗಂಟೆ ನಿದ್ದೆಯೂ ಕಾರಣ.

ಗ್ಲಿಮೆಪಿರೈಡ್ ಬಗ್ಗೆ ಎಚ್ಚರ ಹೇಳಲೇಬೇಕು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ನಡೆದಾಗ ಶುಗರ್ ತೀರಾ ಬೀಳುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಊಟ ಹೊಟ್ಟೆಗೆ ಬಿದ್ದಿರಲಿ ಬಿಡಲಿ ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ತಿಂಡಿ ಜೊತೆ ಮಾತ್ರೆ ತಗೊಂಡು, ಹಳೆ ಗೋವಾ, ಮಂಗೇಶಿ, ಕವಳೆ ಶಾಂತಾದುರ್ಗಾ ಎಂದು ಸುತ್ತಿ, ಊಟ ಮೂರು ಗಂಟೆಗೆ ಆಗುವ ದಿನವೇ ಅಪಾಯದ ದಿನ. ಅಂಥ ದಿನ ಹನ್ನೆರಡಕ್ಕೆ ಏನಾದರೂ ತಿನ್ನಿ. ಬೆಳಿಗ್ಗೆ ನಡೆಯುವ ಮುನ್ನ ಗ್ಲುಕೋಮೀಟರ್ 100ಕ್ಕಿಂತ ಕಡಿಮೆ ತೋರಿಸಿದರೆ ಒಂದು ಬಾಳೆಹಣ್ಣು ತಿಂದು ಹೊರಡಿ. 250 ದಾಟಿದ್ದು ಬಾಯಾರಿಕೆ, ಸುಸ್ತು ಇದ್ದರೆ ಆ ದಿನ ಬಿಡಿ. ನಡುವೆ ಕೈ ನಡುಗಿ, ತಣ್ಣನೆ ಬೆವರು ಬಂದು, ಮಾತು ತೊದಲಿದರೆ ಅಲ್ಲೇ ಕೂತು ಮೂರು-ನಾಲ್ಕು ಟೀ ಚಮಚ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷದ ನಂತರ ಮತ್ತೆ ನೋಡಿ, 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ. ಚಾಕೊಲೇಟ್, ಬಿಸ್ಕೆಟ್ ಈ ಕೆಲಸಕ್ಕಲ್ಲ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪುಡಿಯ ಪೊಟ್ಟಣ ಹೋಟೆಲ್ ರೂಮಿನಲ್ಲಲ್ಲ, ನಿಮ್ಮ ಸೊಂಟದ ಚೀಲದಲ್ಲಿರಬೇಕು. ಗ್ಲುಕೋಮೀಟರಿನ ಸ್ಟ್ರಿಪ್ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಅವು ಕೆಟ್ಟು ತಪ್ಪು ಅಂಕಿ ತೋರಿಸುತ್ತವೆ. ಹಣ್ಣು ತಿಂದ ಕೈ ತೊಳೆಯದೆ ಚುಚ್ಚಿದರೂ ತಪ್ಪು ಅಂಕಿಯೇ. ಮಾತ್ರೆಯ ಪ್ರಮಾಣ ರಜೆಗೆಂದು ಬದಲಿಸಬೇಕೇ ಎನ್ನುವುದನ್ನು ಹೊರಡುವ ಮುನ್ನ ನಿಮ್ಮ ಡಾಕ್ಟರರಲ್ಲೇ ಕೇಳಿ, ನೀವಾಗಿ ಬದಲಿಸಬೇಡಿ.

ಜಿಮ್ಮಿನ ಬದಲು ಒಂಬತ್ತು ದಿನದಲ್ಲಿ ಎರಡು ಅಥವಾ ಮೂರು ಸಲ, ರೂಮಿನಲ್ಲೇ 15 ನಿಮಿಷ ಸಾಕು. ಬೆನ್ನಚೀಲದಲ್ಲಿ ಒಂದು ಲೀಟರಿನ ಐದು ನೀರಿನ ಬಾಟಲಿ ತುಂಬಿದರೆ ಐದು ಕೆ.ಜಿ. ಆಯಿತು. ಅದನ್ನು ಎದೆಗವಚಿಕೊಂಡು ಮಂಚದ ಅಂಚಿನ ಮುಂದೆ ನಿಂತು, ಮೂರು ಎಣಿಸುತ್ತ ಕೂತು, ಒಂದರಲ್ಲಿ ಎದ್ದೇಳಿ, 12 ಸಲ. ಮೇಜಿನ ಅಂಚಿಗೆ ಕೈಯೂರಿ ಪುಷಪ್ 10. ಒಂದು ಕೈ ಮಂಚಕ್ಕೆ ಊರಿ ಬಗ್ಗಿ, ಇನ್ನೊಂದು ಕೈಯಿಂದ ಚೀಲವನ್ನು ಸೊಂಟದವರೆಗೆ ಎಳೆಯುವುದು ಪ್ರತಿ ಕೈಗೆ 12. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು 15. ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು 12. ಇದೆಲ್ಲ ಎರಡು ಸುತ್ತು. ಕೊನೆಯ ಎರಡು ಮೂರು ಕಷ್ಟವೆನಿಸಬೇಕು. ಹಾಗೆನಿಸದಿದ್ದರೆ ಇನ್ನೊಂದು ಬಾಟಲಿ ಹಾಕಿ. ಚಕ್ರದ ಕುರ್ಚಿ, ಮಧ್ಯಕ್ಕೆ ಕುಸಿಯುವ ಹಾಸಿಗೆ, ಒದ್ದೆ ಟೈಲ್ಸ್ ಈ ಮೂರನ್ನು ನೋಡಿಕೊಂಡು ಜಾಗ ಆರಿಸಿ. ಇನ್ನೊಂದು ಮಾತು: ಬೆಳಿಗ್ಗೆ ಎದ್ದ ತಕ್ಷಣ ಪೂರ್ತಿ ಬಗ್ಗುವ ಆಸನ, ಸೂರ್ಯನಮಸ್ಕಾರ ಬೇಡ. ರಾತ್ರಿಯಿಡೀ ಮಲಗಿದಾಗ ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬಿರುತ್ತವೆ, ಬಗ್ಗಿದಾಗ ಅವುಗಳ ಮೇಲೆ ಒತ್ತಡ ಹೆಚ್ಚು. ಪರಸ್ಥಳದ ಹಾಸಿಗೆಯಲ್ಲಿ ಮಲಗಿ ಎದ್ದ ಬೆನ್ನಿಗೆ ಮೊದಲು ನಡಿಗೆ, ಆಮೇಲೆ ನಮಸ್ಕಾರ.

ಸುತ್ತಾಟವೂ ವ್ಯಾಯಾಮವೇ, ಆದರೆ ಅದರ ಬಿರುಸು ನೋಡಿ ಲೆಕ್ಕ ಹಿಡಿಯಿರಿ. ಬೋಂ ಜೀಜಸ್ ಬೆಸಿಲಿಕಾ, ಎದುರಿನ ಸೆ ಕೆಥೆಡ್ರಲ್ ನೋಡುತ್ತ ನಿಂತು ನಡೆದ ಎರಡು ಗಂಟೆ ಕಾಲಿಗೆ ದಣಿವು ಕೊಡುತ್ತದೆಯೇ ಹೊರತು ಬಿರುಸು ನಡಿಗೆಗೆ ಸಮನಲ್ಲ. ಪಣಜಿಯ ಫೊಂಟೇನ್ಹಾಸ್‌ನಿಂದ ಆಲ್ತಿನ್ಹೊ ಗುಡ್ಡ ಹತ್ತುವುದು ಬೇರೆ ಮಾತು, ಅದು ಹತ್ತೇ ನಿಮಿಷದಲ್ಲಿ ಏದುಸಿರು ತರಿಸುತ್ತದೆ. ಹತ್ತುವಾಗ ದಮ್ಮಿಗೆ ಕಷ್ಟ, ಇಳಿಯುವಾಗ ಮಂಡಿಗೆ ಕಷ್ಟ. ಕಟಕಟೆ ಹಿಡಿದು ನಿಧಾನವಾಗಿ ಇಳಿಯಿರಿ. ಸೈಕಲ್ ಇಷ್ಟವಿದ್ದರೆ ಹಳೆ ಗೋವಾದಿಂದ ಫೆರ್ರಿಯಲ್ಲಿ ದೀವಾಡಿ ದ್ವೀಪಕ್ಕೆ ಹೋಗಿ, ಗದ್ದೆ ನಡುವಿನ ರಸ್ತೆ ಬಹುಪಾಲು ಸಮತಟ್ಟು, ವಾಹನವೂ ಕಡಿಮೆ. ಬಾಡಿಗೆ ಸೈಕಲ್ಲಿನ ಸೀಟು ಸಾಮಾನ್ಯವಾಗಿ ತಗ್ಗಿರುತ್ತದೆ. ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗುವಷ್ಟು ಎತ್ತರಿಸಿಕೊಳ್ಳಿ, ಇಲ್ಲವಾದರೆ ಅರ್ಧ ಗಂಟೆಯಲ್ಲಿ ಮಂಡಿಯ ಮುಂಭಾಗ ನೋಯುತ್ತದೆ. ಎರಡೂ ಬ್ರೇಕ್ ನೋಡಿಯೇ ಹಣ ಕೊಡಿ.

ಕಾಲು ಹಿಡಿದುಕೊಂಡ ದಿನ ಈಜುಕೊಳ ಉಪಯೋಗಕ್ಕೆ ಬರುತ್ತದೆ. ಈಜು ಬಾರದಿದ್ದರೂ ಎದೆಮಟ್ಟದ ನೀರಿನಲ್ಲಿ ನಡೆದರೆ ಕಾಲಿನ ಮೇಲೆ ದೇಹತೂಕದ ಮೂರರಲ್ಲೊಂದು ಪಾಲಷ್ಟೇ ಬೀಳುತ್ತದೆ. 20 ನಿಮಿಷ ಮುಂದಕ್ಕೆ, ಹಿಂದಕ್ಕೆ, ಅಡ್ಡಡ್ಡ ನಡೆಯಿರಿ. ಸಮುದ್ರಕ್ಕಾದರೆ ಜೀವರಕ್ಷಕರಿರುವ ಹೊತ್ತಿನಲ್ಲಿ, ಕೆಂಪು-ಹಳದಿ ಬಾವುಟಗಳ ನಡುವೆ, ಸೊಂಟದ ನೀರಿನವರೆಗೆ ಮಾತ್ರ. ಬರೀ ಕೆಂಪು ಬಾವುಟವಿದ್ದರೆ ಇಳಿಯಬೇಡಿ.

ಅತ್ತೆಯವರಿಗೆ ದೂರದ ನಡಿಗೆಗಿಂತ ಬೀಳದಿರುವುದು ಮುಖ್ಯ. ಅಲೆಯ ಅಂಚಿನಲ್ಲಿ ನಿಲ್ಲುವುದು ಎಲ್ಲರಿಗೂ ಇಷ್ಟ, ಆದರೆ ಹಿಂದಕ್ಕೆ ಹೋಗುವ ಅಲೆ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದೊಯ್ಯುತ್ತದೆ, ವಯಸ್ಸಾದವರು ಹಿಮ್ಮುಖವಾಗಿ ಬೀಳುವುದು ಆಗಲೇ. ಅವರು ನೀರಿಗೆ ಕಾಲಿಡುವುದಾದರೆ ಒಬ್ಬರು ಮೊಣಕೈ ಹಿಡಿದು ಪಕ್ಕದಲ್ಲಿರಲಿ. ದಿನಕ್ಕೆರಡು ಸಲ ಕುರ್ಚಿಯಿಂದ ಕೈಯೂರದೆ 8-10 ಸಲ ಏಳುವುದು, ಮೇಜು ಹಿಡಿದು ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ 20 ಸೆಕೆಂಡ್ ನಿಲ್ಲುವುದು, ಬೆಳಿಗ್ಗೆ ಸಂಜೆ 10 ನಿಮಿಷ ರಸ್ತೆಯಲ್ಲಿ ನಡಿಗೆ ಇಷ್ಟು ಮಾಡಿಸಿ. ಹೋಟೆಲಿನ ಬಚ್ಚಲಿಗೆ ಹಿಡಿತವಿರುವ ರಬ್ಬರ್ ಚಪ್ಪಲಿ ಮನೆಯಿಂದಲೇ ಒಯ್ಯಿರಿ. ರಾತ್ರಿ ಮಂಚದಿಂದ ಬಚ್ಚಲವರೆಗೆ ಒಂದು ದೀಪ ಉರಿಯುತ್ತಿರಲಿ, ಗೊತ್ತಿಲ್ಲದ ರೂಮಿನಲ್ಲಿ ಸ್ವಿಚ್ ತಡಕಾಡುವಾಗಲೇ ಜಾರುವುದು.

ವಾಪಸ್ ಬಂದ ಮರುದಿನವೇ ತೂಕ ನೋಡಬೇಡಿ. ಒಂದು ಕೆ.ಜಿ. ಕೊಬ್ಬು ಕೂಡಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲರಿ ಹೆಚ್ಚು ತಿನ್ನಬೇಕು. ಒಂಬತ್ತು ದಿನದ ಎರಡು ಕೆ.ಜಿ.ಯಲ್ಲಿ ಬಹುಪಾಲು ಉಪ್ಪು ಹಿಡಿದಿಟ್ಟ ನೀರು, ಸ್ನಾಯುವಿನಲ್ಲಿ ತುಂಬಿದ ಸಕ್ಕರೆ ಮತ್ತು ಅದರ ಜೊತೆಗಿನ ನೀರು. ಮನೆಯೂಟ, ವಾಕಿಂಗ್ ಶುರುವಾದ ಐದಾರು ದಿನಕ್ಕೆ ಅಷ್ಟೂ ಇಳಿಯುತ್ತದೆ, ಆಗ ನೋಡಿ. ಜಿಮ್ಮಿಗೆ ಮೊದಲ ಸಲ ಹೋದಾಗ ಹಿಂದಿನ ಭಾರದ ಐದರಲ್ಲಿ ನಾಲ್ಕು ಪಾಲು ಹಾಕಿ, ಎರಡನೆಯ ಸಲಕ್ಕೆ ಪೂರ್ತಿ.

ಮೀನಖಂಡದ ನೋವಿನ ಬಗ್ಗೆ ಇನ್ನೊಂದು ವಿಷಯ ನಿಮಗೂ ಮನೆಯವರಿಗೂ ಗೊತ್ತಿರಲಿ. ಮರಳಿನಲ್ಲಿ ನಡೆದ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಇರುತ್ತದೆ, ನಡೆದಾಡುತ್ತ ಸಡಿಲವಾಗುತ್ತದೆ, ಮೂರ್ನಾಲ್ಕು ದಿನಕ್ಕೆ ಇಳಿಯುತ್ತದೆ. ಆ ದಿನಗಳಲ್ಲಿ ಮರಳು ಬಿಟ್ಟು ಸಮ ನೆಲದಲ್ಲಿ ನಿಧಾನ ನಡೆಯಬಹುದು, ಗಟ್ಟಿಯಾಗಿ ತಿಕ್ಕಿಸಬೇಡಿ. ನಡೆಯುವಾಗ ಹಿಮ್ಮಡಿಯ ಹಿಂದೆ ಯಾರೋ ಒದ್ದಂತಾಗಿ, ಆಮೇಲೆ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಸ್ನಾಯುರಜ್ಜು ಹರಿದಿರಬಹುದು, ಕಾಲೂರದೆ ಮೂಳೆ ಡಾಕ್ಟರರ ಹತ್ತಿರ ಹೋಗಿ. ರಾತ್ರಿ ಪ್ರಯಾಣದ ನಂತರದ ದಿನಗಳಲ್ಲಿ ಒಂದೇ ಕಾಲು ಊದಿ, ಬಿಸಿಯಾಗಿ, ಮುಟ್ಟಿದರೆ ನೋವಾಗುತ್ತಿದ್ದರೆ ಅದನ್ನು ಸ್ನಾಯು ನೋವೆಂದು ಎಣ್ಣೆ ಹಚ್ಚಿ ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಯಲ್ಲಿ ಕಾಲಿನ ಡಾಪ್ಲರ್ ಸ್ಕ್ಯಾನ್ ಆಗಬೇಕು. ಅದರ ಜೊತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ.